ಎಡಗೈಗೆ ಮಂಡಕ್ಕಿ ಡಬ್ಬಿ

ಪಿಯಾನೋ ಕಲಿಯಬೇಕೆಂಬ ಆಸೆ ನನಗೆ ಎಂದೂ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಓದುವವರು ನನ್ನನ್ನು ಬಾಲ್ಯದಿಂದಲೂ ಸಂಗೀತಕ್ಕೆ ಹಂಬಲಿಸಿದ ಜೀವ ಎಂದುಕೊಂಡು, ಆಮೇಲೆ ಬೇಸರ ಮಾಡಿಕೊಳ್ಳುತ್ತಾರೆ. ಕಲಿಯಲು ಹೋದವಳು ನನ್ನ ಮಗಳು. ಹರಿಹರದಲ್ಲಿ ಹೊಳೆಗೆ ಹೋಗುವ ದಾರಿಯ ಒಂದು ಹಳೇ ಮನೆಯಲ್ಲಿ, ಶಾಲೆಯಿಂದ ನಿವೃತ್ತರಾದ ಟೀಚರೊಬ್ಬರು ಭಾನುವಾರ ಬೆಳಿಗ್ಗೆ ಪಿಯಾನೋ ಹೇಳಿಕೊಡುತ್ತಿದ್ದರು. ದಾವಣಗೆರೆಯಿಂದ ಮಗಳನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಕರೆತರುವುದಷ್ಟೇ ನನ್ನ ಕೆಲಸ. ಕೆಲವು ತಿಂಗಳಾದ ಮೇಲೆ ಅವಳು ಕಬಡ್ಡಿ ತಂಡ ಸೇರಿದಳು. ಭಾನುವಾರ ಆಟದ ಅಭ್ಯಾಸ ಇರುತ್ತೆ, ಇನ್ನು ಬರೋದಿಲ್ಲ ಅಂತ ಟೀಚರಿಗೆ ನೀನೇ ಹೇಳಿಬಿಡಪ್ಪ ಅಂದಳು.

ಹೇಳಲು ಹೋದೆ. ಬಸ್ಸಿನ ದಾರಿಯುದ್ದಕ್ಕೂ ವಾಕ್ಯವನ್ನು ಮನಸ್ಸಿನಲ್ಲೇ ಜೋಡಿಸಿಕೊಂಡು ಹೋದೆ. ಟೀಚರು ಬಾಗಿಲು ತೆಗೆದರು. ಬಿಳಿ ಕೂದಲು, ದಪ್ಪ ಕನ್ನಡಕ, ನನಗಿಂತ ಒಂದು ಗೇಣು ಗಿಡ್ಡ. ಮಗಳೆಲ್ಲಿ ಎಂದು ಕೇಳಿದರು. ಅವರಿಗೆ ಬೇಜಾರಾದರೆ ಏನು ಗತಿ, ವಯಸ್ಸಾದವರು, ಏನಾದರೂ ಆಗಿಬಿಟ್ಟರೆ ಎಂದೆಲ್ಲ ಒಂದೇ ಕ್ಷಣದಲ್ಲಿ ಯೋಚಿಸಿ ನಾನು ಹೇಳಿದ್ದು ಇಷ್ಟು: "ಅವಳ ಬದ್ಲು ನಾನು ಬಂದೀನಿ ಟೀಚರ್."

ಅವರು ನನ್ನ ಕೈ ಹಿಡಿದು ಬೆರಳುಗಳನ್ನು ತಿರುಗಿಸಿ ನೋಡಿದರು. ತರಕಾರಿ ಸಂತೆಯಲ್ಲಿ ಬೆಂಡೆಕಾಯಿ ಮುರಿದು ನೋಡುವ ಹಾಗೆ. ಸಣ್ಣಗೆ ಉಸಿರು ಬಿಟ್ಟು, ಸೋಪು ಹಚ್ಚಿ ಕೈ ತೊಳೆದು ಬನ್ನಿ ಎಂದರು. ಆ ಮನೆಯಲ್ಲಿ ಕೈ ತೊಳೆಯದೆ ಪಿಯಾನೋ ಮುಟ್ಟುವಂತಿರಲಿಲ್ಲ. ಹೀಗೆ ನಲವತ್ತೆಂಟನೇ ವಯಸ್ಸಿನಲ್ಲಿ ನನ್ನ ಸಂಗೀತ ಜೀವನ ಶುರುವಾಯಿತು.

ಆ ತರಗತಿಗೆ ಒಂದು ಪದ್ಧತಿಯಿತ್ತು. ಬಾರಿಸಲು ಕೂತವರು ತಪ್ಪು ಮಾಡಬಹುದು, ನಿಧಾನ ಮಾಡಬಹುದು, ಆದರೆ ನಿಲ್ಲಿಸಬಾರದು. ನಿಲ್ಲಿಸಿದರೆ ಅಲ್ಲಿಗೆ ಆ ವಾರದ ಸರದಿ ಮುಗಿಯಿತು. ಎದ್ದೇಳಬೇಕು, ಮುಂದಿನವರು ಕೂರಬೇಕು. ಮಕ್ಕಳಿಗೆ ಇದರಿಂದ ಏನೂ ತೊಂದರೆ ಇರಲಿಲ್ಲ. ಅವರು ತಪ್ಪುಗಳ ಮೇಲೆ ಹಾರಿಕೊಂಡು, ಗಟಾರ ದಾಟಿದ ಹಾಗೆ, ಮುಂದಕ್ಕೆ ಹೋಗುತ್ತಿದ್ದರು. ನನ್ನ ಕಥೆ ಬೇರೆ. ನಾನು ಕರೂರು ಕೈಗಾರಿಕಾ ಪ್ರದೇಶದಲ್ಲಿ ಪಂಪಿನ ಬಿಡಿಭಾಗ ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿ ಗುಣಮಟ್ಟ ನೋಡುವವನು. ಒಂದು ವಾಷರ್ ಕೂದಲೆಳೆಯಷ್ಟು ಸೊಟ್ಟಗಿದ್ದರೂ ಕೈ ಎತ್ತಿ ಯಂತ್ರ ನಿಲ್ಲಿಸುವುದಕ್ಕೇ ನನಗೆ ಸಂಬಳ. ಅಂಥವನು ಒಂದು ಸ್ವರ ತಪ್ಪಿದರೆ ಸುಮ್ಮನೆ ಮುಂದಕ್ಕೆ ಹೋಗುವುದು ಹೇಗೆ? ತಾನಾಗಿಯೇ ಕೈ ಮೇಲೇಳುತ್ತಿತ್ತು. "ಸಾರಿ ಟೀಚರ್" ಎನ್ನುತ್ತಿದ್ದೆ. ಅಷ್ಟರಲ್ಲಿ ನನ್ನ ನಂತರದ ಸರದಿಯ ಹುಡುಗಿ, ಎರಡು ಜಡೆಯ ಮೂರನೇ ಕ್ಲಾಸಿನವಳು, ಪಕ್ಕಕ್ಕೆ ಬಂದು ನಿಂತಿರುತ್ತಿದ್ದಳು. ದಾವಣಗೆರೆಯಿಂದ ಬಸ್ಸು ಹತ್ತಿ ಬಂದು ಒಂದೂವರೆ ಸಾಲು ಬಾರಿಸಿ ವಾಪಸ್ಸು ಹೋದ ಭಾನುವಾರಗಳೂ ಇವೆ.

ಹಾಗಿದ್ದವನಿಗೆ ಸೊನಾಟಾ ಎಂಬ, ಹಲವು ಭಾಗಗಳ ದೊಡ್ಡ ಪಿಯಾನೋ ಕೃತಿ ಯಾಕೆ ಬೇಕಿತ್ತು ಎಂದರೆ, ಅದೂ ನನ್ನ ತಪ್ಪು ತಿಳಿವಳಿಕೆಯೇ. ಒಂದು ದಿನ ಬೇಗ ಹೋಗಿದ್ದೆ. ಒಳಗೆ ಟೀಚರು ತಮ್ಮಷ್ಟಕ್ಕೆ ಏನೋ ಬಾರಿಸುತ್ತಿದ್ದರು. ನಿಧಾನವಾದ, ಮಳೆ ನಿಂತ ಮೇಲೆ ತಗಡಿನಿಂದ ಹನಿ ಬೀಳುವಂಥ ಸ್ವರಗಳು. ಇಷ್ಟು ನಿಧಾನವಾದರೆ ನಾನೂ ಬಾರಿಸಬಹುದಲ್ಲ ಎನಿಸಿ, ಇದನ್ನು ಕಲಿಸಿ ಎಂದೆ. ಅವರು ಬಹಳ ಹೊತ್ತು ನಕ್ಕರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆಮೇಲೆ ಅಲ್ಮೇರಾದಿಂದ ಅಂಚು ಹಳದಿಯಾದ ಪುಸ್ತಕ ತೆಗೆದು ಕೊಟ್ಟರು. ಬರೆದವನು ಹತ್ತೊಂಬತ್ತನೇ ಶತಮಾನದ ಯಾವುದೋ ಚಳಿದೇಶದವನು, ಮನಸ್ಸು ಯಾವಾಗಲೂ ಕುದಿಯುತ್ತಿದ್ದವನು ಎಂದರು. ಮನೆಗೆ ಬಂದು ಬಿಡಿಸಿ ನೋಡಿದರೆ ನಾನು ಕೇಳಿಸಿಕೊಂಡ ಹನಿಗಳು ಮೊದಲ ನಾಲ್ಕು ಸಾಲು ಮಾತ್ರ. ಐದನೇ ಸಾಲಿನಿಂದ ಬೆಲ್ಲದ ಅಚ್ಚಿಗೆ ಇರುವೆ ಮುತ್ತಿದ ಹಾಗೆ ಸ್ವರಗಳು ಕಪ್ಪಗೆ ಮುಕುರಿಕೊಂಡಿದ್ದವು. ವಾಪಸ್ಸು ಕೊಡೋಣ ಎಂದುಕೊಂಡೆ. ಅವರಿಗೆ ಬೇಜಾರಾದರೆ?

ಸೊನಾಟಾದ ಮೊದಲ ಭಾಗವನ್ನು ಅರ್ಥ ಮಾಡಿಕೊಳ್ಳಲು ನನಗೆ ಒಂದು ಮಳೆಗಾಲವೇ ಹಿಡಿಯಿತು. ಕೊನೆಗೆ ನನ್ನದೇ ರೀತಿಯಲ್ಲಿ ಹೀಗೆ ತಿಳಿದುಕೊಂಡೆ. ಒಂದು ರಾಗ ಗಂಡನ ಮನೆಯದು: ಸಿಟ್ಟು, ಗಡಿಬಿಡಿ, ಬಾಗಿಲು ದಡಾರನೆ ಹಾಕುವುದು. ಇನ್ನೊಂದು ತವರಿನ ರಾಗ: ಬೇರೆ ಶ್ರುತಿ, ಸಮಾಧಾನ, ಹಿತ್ತಿಲಲ್ಲಿ ಕೂತು ಹೂ ಕಟ್ಟುವಂಥದ್ದು. ನಡುವೆ ಎರಡೂ ಕಡೆಯ ನೆಂಟರು ಒಂದೇ ಛತ್ರದಲ್ಲಿ ಸೇರಿ ಕೂಗಾಡುತ್ತಾರೆ. ಯಾರು ಯಾರ ಮೇಲೆ ಕೂಗುತ್ತಿದ್ದಾರೆ ಎಂದು ಬೆರಳುಗಳಿಗೂ ತಿಳಿಯುವುದಿಲ್ಲ. ಆಮೇಲೆ ಎಲ್ಲರೂ ಮನೆಗೆ ಮರಳುತ್ತಾರೆ. ತವರಿನ ರಾಗ ಈಗ ಗಂಡನ ಮನೆಯ ಶ್ರುತಿಗೇ ಹೊಂದಿಕೊಂಡು ಬಂದಿರುತ್ತದೆ. ಕೊನೆಯ ಪುಟದಲ್ಲಿ, ಎಲ್ಲ ಮುಗಿಯಿತು ಎನ್ನುವಾಗ, ಎಡಗೈ ಪಿಯಾನೋದ ತುದಿಗೆ ಹೋಗಿ ತಳದ ಸ್ವರವೊಂದನ್ನು ಮೂರು ಸಲ ಬಾರಿಸಬೇಕು. ಮಾವನವರು ಮೂರು ಸಲ ಕೆಮ್ಮಿದ ಹಾಗೆ. ಅದಾದ ಮೇಲೆ ಎರಡೂ ಕೈ ಸೇರಿಸಿ ಎರಡು ಏಟು, ಮುಕ್ತಾಯ. ಈ ವಿವರಣೆಯನ್ನು ಟೀಚರಿಗೆ ಹೇಳಿದಾಗ ಅವರು, "ಎಲ್ಲಾ ಸರಿ ಐತ್ರಿ. ಈಗ ಬಾರ್ಸಿ ತೋರಿಸ್ರಿ" ಎಂದರು.

ಬಾರಿಸಿ ತೋರಿಸಲು ಮನೆಯಲ್ಲಿ ಅಭ್ಯಾಸ ಬೇಕಲ್ಲ. ವಿನೋಬನಗರದ ನಮ್ಮ ಬಾಡಿಗೆ ಮನೆ ಮೊದಲನೇ ಮಹಡಿಯಲ್ಲಿದೆ. ಅಲ್ಲಿಗೆ ಪಿಯಾನೋ ಹತ್ತಿಸುವುದಿರಲಿ, ಹೊಸ ಫ್ರಿಜ್ಜು ಬಂದಾಗಲೇ ಮೆಟ್ಟಿಲ ಕಂಬಿ ಬಿಚ್ಚಬೇಕಾಗಿತ್ತು. ಇದ್ದದ್ದು ಮಗಳಿಗೆಂದು ತಂದ ಗಿಡ್ಡ ಕೀಬೋರ್ಡು. ಪಿಯಾನೋಗೆ ಇರುವಷ್ಟು ಕೀಗಳು ಅದಕ್ಕೆ ಇರಲಿಲ್ಲ. ಮಾವನವರು ಕೆಮ್ಮುವ ಜಾಗಕ್ಕೆ ಬರುವ ಮೊದಲೇ ಅದು ಮುಗಿದುಹೋಗುತ್ತಿತ್ತು. ಅದರ ಎಡಕ್ಕೆ ಒಂದು ಗೇಣಿಗೂ ಮಿಕ್ಕಿ ಸ್ಪೀಕರು, ಗುಂಡಿಗಳು. ಅದರಾಚೆ ಮೇಜಿನ ಮೇಲೆ ನಮ್ಮ ಮನೆಯ ಮಂಡಕ್ಕಿ ಡಬ್ಬಿ.

ದಾವಣಗೆರೆಯಲ್ಲಿ ಮಂಡಕ್ಕಿ ಡಬ್ಬಿ ಇಲ್ಲದ ಮನೆ ಉಂಟೆ? ನಮ್ಮದು ಎಣ್ಣೆ ಬರುತ್ತಿದ್ದ ದೊಡ್ಡ ತಗಡಿನ ಡಬ್ಬಿ, ಮೇಲೆ ದುಂಡನೆಯ ಮುಚ್ಚಳ. ಮೊದಲು ಆ ಮೂರು ಸ್ವರಗಳನ್ನು ಗಾಳಿಯಲ್ಲಿ ಬಾರಿಸಿ ನೋಡಿದೆ. ಕೈ ಎಲ್ಲಿಗೆ ಹೋಯಿತೆಂದು ನನಗೇ ಗೊತ್ತಾಗಲಿಲ್ಲ. ಅದಕ್ಕೇ ಡಬ್ಬಿಯ ಮುಚ್ಚಳವನ್ನೇ ತಳದ ಸ್ವರ ಎಂದು ಇಟ್ಟುಕೊಂಡೆ. ದಬ್, ದಬ್, ದಬ್. ಮಂಡಕ್ಕಿ ತುಂಬಿದ್ದಾಗ ನಾದ ಮೊಂಡು. ಖಾಲಿಯಾಗುತ್ತಾ ಬಂದ ಹಾಗೆ ಗಂಭೀರವಾಗುತ್ತಿತ್ತು. ಒಳ್ಳೆಯ ನಾದ ಕೊಡುತ್ತಿರುವಾಗಲೇ ಹೆಂಡತಿ ಮತ್ತೆ ಮಂಡಕ್ಕಿ ಸುರಿದರೆ ನನಗೆ ಸಂಕಟ. ಇನ್ನೆರಡು ದಿನ ತಡಿಯೇ ಎಂದರೆ, ಮನೆಗೆ ಬಂದವರಿಗೆ ಸ್ವರ ಕೊಡೋಕಾಗುತ್ತಾ ಎಂದು ಅವಳು ಸುರಿದೇಬಿಡುತ್ತಿದ್ದಳು.

ಕಷ್ಟದ ಕೃತಿಯನ್ನು ಕೊನೆಯ ಪುಟದಿಂದ ಹಿಂದಕ್ಕೆ ಕಲಿಯಬೇಕು ಎಂದು ಟೀಚರು ಹೇಳಿದ್ದರು. ಹಾಗಾಗಿ ದಿನಾ ಸಂಜೆ ಕಾರ್ಖಾನೆಯಿಂದ ಬಂದು, ಟೀ ಕುಡಿದು, ಮೊದಲು ಕೊನೆಯ ಪುಟವನ್ನೇ ಬಾರಿಸುತ್ತಿದ್ದೆ. ಕೆಳಗಿನ ಮನೆಯಲ್ಲಿ ಮಾಲೀಕರ ತಾಯಿ, ಕಿವಿ ಸ್ವಲ್ಪ ಮಂದವಾದ ಅಜ್ಜಿ ಇದ್ದರು. ಸೊನಾಟಾದ ಉಳಿದ ಯಾವ ಭಾಗವೂ ಅವರನ್ನು ತಲುಪುತ್ತಿರಲಿಲ್ಲ. ಡಬ್ಬಿಯ ಮೂರು ಏಟು ಮಾತ್ರ ತಲುಪುತ್ತಿತ್ತು. ಅದು ಬಿದ್ದ ಕೂಡಲೇ ಅವರು ಅನ್ನಕ್ಕಿಡುತ್ತಿದ್ದರಂತೆ. ಈ ವಿಷಯ ಹೆಂಡತಿ ಹೇಳಿದ ಮೇಲೆ ನನಗೆ ಹೊಸ ಚಿಂತೆ ಹತ್ತಿತು. ತಡವಾಗಿ ಬಂದರೆ ಆ ಮನೆಯವರ ಊಟ ತಡವಾಗುತ್ತದಲ್ಲ ಎಂದು ಓಡಿ ಬರಲು ಶುರುಮಾಡಿದೆ.

ಬಸ್ಸಿನಲ್ಲೂ ಅಭ್ಯಾಸ ನಡೆಯುತ್ತಿತ್ತು. ಎಡಗೈಯ ಉಂಗುರದ ಬೆರಳಿಗೆ ಸ್ವಂತ ಬುದ್ಧಿಯಿಲ್ಲ, ಪಕ್ಕದ ಬೆರಳು ಎದ್ದರೆ ಮಾತ್ರ ಏಳುತ್ತದೆ. ಅದನ್ನು ತಿದ್ದಲು ತೊಡೆಯ ಮೇಲೆ ಬಡಿದುಕೊಳ್ಳುತ್ತಾ ಕೂರುತ್ತಿದ್ದೆ. ಒಮ್ಮೆ ಪಕ್ಕದಲ್ಲಿ ಕೂತಿದ್ದ ಲೋಕಿಕೆರೆ ಕಡೆಯ ಹಿರಿಯರೊಬ್ಬರು ಬಹಳ ಹೊತ್ತು ನನ್ನ ಕೈ ನೋಡಿ, ಯಾವಾಗಿಂದ ಹಿಂಗೆ ಎಂದು ಮೆಲ್ಲಗೆ ಕೇಳಿದರು. ಒಂದು ವರ್ಷದಿಂದ ಎಂದೆ, ಸೊನಾಟಾ ಬಗ್ಗೆ ಕೇಳುತ್ತಿದ್ದಾರೆ ಎಂದುಕೊಂಡು. ಅವರ ಊರಲ್ಲಿ ನರಕ್ಕೆ ಎಣ್ಣೆ ಕೊಡುವವರಿದ್ದಾರಂತೆ. ಮಂಗಳವಾರ ಬರಿಗಾಲಲ್ಲಿ ಬರಬೇಕಂತೆ. ಇಳಿಯುವಾಗ ನನ್ನ ಹೆಗಲು ತಟ್ಟಿ ಹೋದರು. ಆ ವಾರವಿಡೀ ನನಗೆ ನಿಜವಾಗಿಯೂ ನರದ ತೊಂದರೆ ಇದೆಯೋ ಏನೋ ಎಂದು ಯೋಚಿಸಿದೆ.

ಇಷ್ಟಾದರೂ ಹರಿಹರದಲ್ಲಿ ನಾನು ಎರಡನೇ ಪುಟ ದಾಟಿರಲಿಲ್ಲ. ಎರಡನೇ ಪುಟದ ಕೆಳಗೆ ಎಡಗೈ ಬಲಗೈ ಮೇಲಿಂದ ಹಾದುಹೋಗುವ ಒಂದು ತಿರುವಿದೆ. ಅಲ್ಲಿ ಉಂಗುರದ ಬೆರಳು ಜಾರುತ್ತದೆ, ಕೈ ಮೇಲೇಳುತ್ತದೆ, ಸಾರಿ ಟೀಚರ್, ಎರಡು ಜಡೆ. ಕೊನೆಯ ಪುಟವನ್ನು ಆ ಪಿಯಾನೋದ ಮೇಲೆ ಒಮ್ಮೆಯೂ ಬಾರಿಸಿಯೇ ಇರಲಿಲ್ಲ. ಇದು ಎಷ್ಟು ದೊಡ್ಡ ಸಂಗತಿ ಎಂದು ಆಗ ಹೊಳೆಯಲಿಲ್ಲ. ಪಿಯಾನೋ ಜಾರಿ ಕಾಲ ಮೇಲೆ ಬಿದ್ದರೆ ಎಂಬುದನ್ನೂ ಯೋಚಿಸಿದ್ದ ನನಗೆ ಇದೊಂದು ಹೊಳೆಯಲಿಲ್ಲ.

ಒಂದು ಭಾನುವಾರ, ಎಂದಿನಂತೆ ತಿರುವಿನಲ್ಲಿ ನಿಂತಾಗ, ಟೀಚರು ಪುಸ್ತಕ ಮುಚ್ಚಿದರು. ವರ್ಷಕ್ಕೊಮ್ಮೆ ಅವರ ಮನೆಯ ಹಾಲಿನಲ್ಲಿ ಮಕ್ಕಳೆಲ್ಲ ತಂದೆತಾಯಂದಿರ ಮುಂದೆ ಬಾರಿಸುವ ಕಾರ್ಯಕ್ರಮ ಇರುತ್ತಿತ್ತು. ಅದು ಹತ್ತಿರ ಬಂದಿತ್ತು. "ಆವತ್ತು ಈ ಭಾಗ ಮೊದ್ಲಿಂದ ಕೊನೇತನಕ ಬಾರಿಸ್ರಿ. ಎಷ್ಟು ತಪ್ಪಾದ್ರೂ ಚಿಂತಿಲ್ಲ. ನಿಲ್ಲಿಸಿದ್ರೆ ಮಾತ್ರ ಈ ಪುಸ್ತಕ ಅಲ್ಮೇರಾಕ್ಕೆ ವಾಪಸ್ ಹೋಗ್ತೈತಿ. ನೀವು ಮಕ್ಕಳ ಪುಸ್ತಕದ ಎರಡ್ನೇ ಭಾಗ ಹಿಡೀಬೇಕು." ಮಕ್ಕಳ ಪುಸ್ತಕದ ಎರಡನೇ ಭಾಗದಲ್ಲಿ ಒಂದು ಬಾತುಕೋಳಿಯ ಚಿತ್ರವಿದೆ. ಎರಡು ಜಡೆಯವಳು ಅದನ್ನು ಮುಗಿಸಿ ಆಗಲೇ ಮೂರನೇ ಭಾಗದಲ್ಲಿದ್ದಳು.

ಆ ಪುಸ್ತಕ ಕೈತಪ್ಪುತ್ತದೆ ಎಂದಾಗಲೇ ನನಗೆ ಗೊತ್ತಾದದ್ದು, ಅದು ನನಗೆ ಬೇಕಾಗಿತ್ತೆಂದು. ಬೇಜಾರಾದೀತೆಂದು ಹಿಡಿದುಕೊಂಡ ಪುಸ್ತಕ ಅದು. ಆದರೆ ದಿನವಿಡೀ ವಾಷರುಗಳ ಸೊಟ್ಟ ನೋಡಿ ಬಂದವನಿಗೆ, ಸಂಜೆ ಆ ತವರಿನ ರಾಗ ಗಿಡ್ಡ ಕೀಬೋರ್ಡಿನಲ್ಲಿ ಅರೆಬರೆಯಾಗಿ ಮೂಡಿದಾಗ, ಸ್ವಲ್ಪ ಹೊತ್ತು ಯಾವ ಚಿಂತೆಯೂ ನೆನಪಾಗುತ್ತಿರಲಿಲ್ಲ. ಅದನ್ನು ಕೊಟ್ಟು ಬಾತುಕೋಳಿಗೆ ಹೋಗಲು ನಾನು ಸಿದ್ಧನಿರಲಿಲ್ಲ.

ಆ ಕಾರ್ಯಕ್ರಮಕ್ಕೆ ಪ್ರತಿ ಮನೆಯವರೂ ಒಂದೊಂದು ತಿಂಡಿ ತರುವುದು ರೂಢಿ. ನಮ್ಮ ಪಾಲಿಗೆ ಮಂಡಕ್ಕಿ. ಹೆಂಡತಿ ಬೆಳಿಗ್ಗೆ ಎದ್ದು ಬೆಳ್ಳುಳ್ಳಿ, ಒಣಮೆಣಸು, ಕೈ ತುಂಬ ಅರಿಶಿನ ಹಾಕಿ ಒಗ್ಗರಣೆ ಕೊಟ್ಟಳು. ಅಷ್ಟು ಮಂದಿಗೆ ಆಗಬೇಕೆಂದರೆ ಬೇರೆ ಪಾತ್ರೆ ಸಾಲದು ಎಂದು ಆ ಡಬ್ಬಿಗೇ ತುಂಬಿದಳು. ಬಿಸಿಯಿರುವಾಗ ಮುಚ್ಚಳ ಒತ್ತಿದರೆ ಮೆತ್ತಗಾಗುತ್ತದೆಂದು ಸುಮ್ಮನೆ ಮೇಲಿಟ್ಟಿದ್ದಳು. ಬಸ್ಸಿನಲ್ಲಿ ಡಬ್ಬಿ ಅವಳ ತೊಡೆಯ ಮೇಲೆ, ಸೊನಾಟಾ ನನ್ನ ತೊಡೆಯ ಮೇಲೆ. ಗ್ಯಾಸ್ ಆಫ್ ಮಾಡಿದೆಯಾ ಎಂದು ಕೇಳಿದೆ. ಮಾಡೀನಿ ಅಂದಳು. ಹರಿಹರ ಬರುವವರೆಗೆ ಅದನ್ನೇ ಇನ್ನೂ ಕೆಲವು ಸಲ ಕೇಳಿದೆ.

ಹಾಲು ತುಂಬಿತ್ತು. ಮಕ್ಕಳು ಒಬ್ಬೊಬ್ಬರಾಗಿ ಬಾರಿಸಿ ಚಪ್ಪಾಳೆ ತೆಗೆದುಕೊಂಡರು. ನನ್ನ ಸರದಿ ಕೊನೆಗೆ. ನಾನು ಹಿತ್ತಿಲಲ್ಲಿ ಸೋಪು ಸವೆಯುವಂತೆ ಕೈ ತೊಳೆದು ಬಂದು, ಯಾರ ಮುಖವನ್ನೂ ನೋಡದೆ ಕೂತೆ. ಟೀಚರು ಗೋಡೆಯ ಪಕ್ಕದ ಕುರ್ಚಿಯಲ್ಲಿ ಕಣ್ಣು ಮುಚ್ಚಿದರು. ಕೇಳುವಾಗ ಅವರು ಕಣ್ಣು ತೆರೆಯುವುದಿಲ್ಲ.

ಹನಿಗಳು ಬಿದ್ದವು. ಇರುವೆಗಳು ಬಂದವು. ಗಂಡನ ಮನೆಯವರು ಬಾಗಿಲು ಬಡಿದರು. ಅಲ್ಲಲ್ಲಿ ಕದ ಒಡೆದಂತೆಯೂ ಕೇಳಿಸಿತು, ಆದರೂ ಹೋದೆ. ಎರಡನೇ ಪುಟದ ಕೆಳಗಿನ ತಿರುವಿನಲ್ಲಿ ಉಂಗುರದ ಬೆರಳು, ತನ್ನ ಮಾತು ಉಳಿಸಿಕೊಂಡು, ಜಾರಿತು. ಕೈ ಮೇಲೇಳತೊಡಗಿತು. ಸಾರಿ ಎಂಬ ಶಬ್ದ ಗಂಟಲಿಗೆ ಬಂದಿತ್ತು. ಅಷ್ಟರಲ್ಲಿ ಕಣ್ಣಂಚಿನಲ್ಲಿ ಎರಡು ಜಡೆಗಳು ಎದ್ದು ನಿಂತವು. ಪಾಪ, ಅವಳದು ಏನೂ ತಪ್ಪಿಲ್ಲ. ಅಲ್ಲಿಗೆ ಬಂದರೆ ಈ ಅಂಕಲ್ಲು ನಿಲ್ಲುತ್ತಾರೆ, ಆಮೇಲೆ ನಾನು ಕೂರಬೇಕು ಎಂಬುದು ಅವಳಿಗೆ ವಾರ ವಾರದ ಅಭ್ಯಾಸ. ಅವಳ ತಾಯಿ ಲಂಗ ಹಿಡಿದು ಎಳೆದು ಕೂರಿಸಿದರು. ನನಗೆ ಎಲ್ಲಿತ್ತೋ ಸಿಟ್ಟು, ಕೈ ಮತ್ತೆ ಕೆಳಗಿಳಿಯಿತು. ತಪ್ಪನ್ನು ಅಲ್ಲೇ ಬಿಟ್ಟು ಹೋದೆ. ಜೀವನದಲ್ಲಿ ಮೊದಲ ಸಲ ಸೊಟ್ಟ ವಾಷರ್ ಒಂದು ನನ್ನ ಕಣ್ಣೆದುರೇ ಹಾದುಹೋಯಿತು, ಯಂತ್ರ ನಿಲ್ಲಲಿಲ್ಲ.

ಅದಾದ ಮೇಲಿನದು ನೆನಪಿಲ್ಲ. ಛತ್ರದ ಗಲಾಟೆ ಆಯಿತು, ಎಲ್ಲರೂ ಮನೆಗೆ ಮರಳಿದರು. ಕೊನೆಯ ಪುಟ ಬಂತು. ಇದು ನನಗೆ ನಿದ್ದೆಯಲ್ಲೂ ಬರುವ ಪುಟ. ಕಣ್ಣು ಪುಸ್ತಕದಲ್ಲಿರಲು ಎಡಗೈ ತಾನಾಗಿಯೇ ಮನೆಯ ಲೆಕ್ಕದಲ್ಲಿ ಹಾರಿತು, ಎಂದರೆ ಸ್ಪೀಕರು, ಗುಂಡಿಗಳನ್ನೆಲ್ಲ ದಾಟಿ. ಪಿಯಾನೋದಲ್ಲಿ ಸ್ಪೀಕರೂ ಇಲ್ಲ, ಗುಂಡಿಯೂ ಇಲ್ಲ. ತಳದ ಸ್ವರವನ್ನು ದಾಟಿ, ಮರದ ಅಂಚನ್ನು ದಾಟಿ ಕೈ ಬಿತ್ತು.

ದಬ್.

ಸರಿಯಾಗಿದೆ ಎಂದಿತು ನನ್ನ ಮನಸ್ಸು. ನನ್ನೊಳಗೆ ತಪಾಸಣೆಗೆ ಕೂತವನು ನೋಡಿದ, ನಾದ ಸ್ವಲ್ಪ ಮೊಂಡು, ಡಬ್ಬಿ ತುಂಬಿದೆ, ಅಡ್ಡಿಯಿಲ್ಲ ಎಂದು ಮುದ್ರೆ ಒತ್ತಿದ. ಎರಡನೇ ಏಟು ಮುಚ್ಚಳದ ಅಂಚಿಗೆ ಬಿತ್ತು. ಮುಚ್ಚಳ ಹಾರಿ ನೆಲದ ಮೇಲೆ ಠಣಠಣ ಉರುಳುತ್ತಾ ಹೋಯಿತು. ಮೂರನೇ ಏಟಿಗೆ ಕೈ ಮಣಿಕಟ್ಟಿನವರೆಗೆ ಬೆಚ್ಚಗಿನ ಮಂಡಕ್ಕಿಯೊಳಗೆ ಇಳಿಯಿತು. ಸದ್ದೇ ಬರಲಿಲ್ಲ. ಏನೋ ಹೆಚ್ಚುಕಮ್ಮಿಯಾಯಿತು ಎಂದು ತಿಳಿಯುವಷ್ಟರಲ್ಲಿ ಎರಡೂ ಕೈ ಕೊನೆಯ ಎರಡು ಏಟು ಹಾಕಿ ಮುಗಿಸಿದ್ದವು. ಕೀಗಳ ಮೇಲೆಲ್ಲ ಮಂಡಕ್ಕಿ ಉದುರಿತ್ತು. ಒಂದು ಬೆಳ್ಳುಳ್ಳಿ ಎಸಳು ಎರಡು ಕಪ್ಪು ಕೀಗಳ ನಡುವೆ ಕೂತಿತ್ತು.

ಆಗ ತಿರುಗಿ ನೋಡಿದೆ. ಪಿಯಾನೋದ ಎಡಕ್ಕೆ ಒಂದು ಸ್ಟೂಲು, ಸ್ಟೂಲಿನ ಮೇಲೆ ನಮ್ಮ ಡಬ್ಬಿ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಮುಚ್ಚಳ ಇನ್ನೂ ಎಲ್ಲೋ ಕುರ್ಚಿಗಳ ಕೆಳಗೆ ಗಿರ್ರನೆ ತಿರುಗುತ್ತಿತ್ತು; ಎಲ್ಲರೂ ಅದು ನಿಲ್ಲಲಿ ಎಂದು ಕಾಯುವವರಂತೆ ಕೂತಿದ್ದರು. ಟೀಚರು ಕಣ್ಣು ತೆರೆದು ಬಂದರು. ಕೀಗಳನ್ನು ನೋಡಿದರು. ನನ್ನ ಅರಿಶಿನದ ಬೆರಳುಗಳನ್ನು ನೋಡಿದರು. ಕೈ ತೊಳೆಯದೆ ಯಾರೂ ಮುಟ್ಟದ ಪಿಯಾನೋ ಅದು. ಪುಸ್ತಕದ ಮೇಲೆ ಬಿದ್ದಿದ್ದ ಒಂದೆರಡು ಮಂಡಕ್ಕಿಯನ್ನು ಆರಿಸಿ ಬಾಯಿಗೆ ಹಾಕಿಕೊಂಡರು. ಅಗಿದರು. ನಾನು ಬಾತುಕೋಳಿಯನ್ನು ಎದುರು ನೋಡುತ್ತಾ ನಿಂತೆ.

"ನಿಲ್ಲಿಸ್ಲಿಲ್ಲ ನೀವು" ಎಂದರು.

ಹೌದು ಟೀಚರ್ ಎಂದೆ.

"ಹಂಗಾದ್ರೆ ಮುಂದಿನ ವಾರಕ್ಕ ಇದ್ರ ಎರಡ್ನೇ ಭಾಗ ನೋಡ್ಕೊಂಡ್ ಬರ್ರಿ." ಪುಸ್ತಕವನ್ನು ನನ್ನ ಕಂಕುಳಿಗೆ ಸಿಕ್ಕಿಸಿದರು, ಕೈಗೆ ಕೊಡುವ ಹಾಗಿರಲಿಲ್ಲ. "ಮೊದ್ಲು ಹೋಗಿ ಕೈ ತೊಳ್ಕೊಳ್ರಿ."

ಪಿಯಾನೋವನ್ನು ಅವರು ಎಷ್ಟು ಒರೆಸಿದರೂ ಕೊನೆಯ ಏಟು ಬಿದ್ದ ಒಂದು ಬಿಳಿ ಕೀಯ ಅಂಚಿನಲ್ಲಿ ತುಸು ಹಳದಿ ಉಳಿದುಕೊಂಡಿದೆ. ಹೊಸ ಮಕ್ಕಳಿಗೆ ಕೈ ತೊಳೆಯುವ ಪಾಠ ಹೇಳುವಾಗ ಅದನ್ನೇ ತೋರಿಸುತ್ತಾರೆ. ಆಗ ನಾನು ಕಿಟಕಿಯಾಚೆ ನೋಡುತ್ತೇನೆ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಖಾಲಿ ಡಬ್ಬಿ ನನ್ನ ಕಾಲ ಬಳಿ ಇತ್ತು. ಮಕ್ಕಳು ತಳದ ಮೆಣಸಿನ ಚೂರನ್ನೂ ಬಿಟ್ಟಿರಲಿಲ್ಲ. ಟೀಚರ ಅಡುಗೆಮನೆಯಲ್ಲಿ ಅಷ್ಟು ಜಾಗ ಇರುವಾಗ ಅದನ್ನು ಪಿಯಾನೋ ಪಕ್ಕ ಯಾಕೆ ತಂದಿಟ್ಟೆ ಎಂದು ಹೆಂಡತಿಯನ್ನು ಕೇಳಿದೆ. ಅವಳಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು.

"ಮತ್ತೆಲ್ಲಿ ಇಡ್ಬೇಕಿತ್ರೀ? ಅದು ಇರೋ ಜಾಗಾನೇ ಅದು." ಸ್ವಲ್ಪ ದೂರ ಹೋದ ಮೇಲೆ ಮತ್ತೆ ಅವಳೇ ಅಂದಳು, "ಚಲೋ ಬಾರಿಸಿದ್ರಿ ಬಿಡ್ರಿ. ಮೂರ್ನೇ ಏಟು ಮಾತ್ರ ಬೀಳ್ಲೇ ಇಲ್ಲ."

ಸೊನಾಟಾದ ಎರಡನೇ ಭಾಗ ನಿಧಾನ. ನಿಜವಾಗಿಯೂ ನಿಧಾನ, ಕೊನೆಯವರೆಗೂ. ತಳದ ಸ್ವರಗಳೇ ಇಲ್ಲ. ಗಿಡ್ಡ ಕೀಬೋರ್ಡಿನೊಳಗೇ ಆರಾಮಾಗಿ ಹಿಡಿಯುತ್ತದೆ. ಸೋಮವಾರ ಸಂಜೆ ಟೀ ಕುಡಿದು ಮೊದಲ ಪುಟ ತೆಗೆದೆ. ನಿಲ್ಲಿಸದೆ ಹೋಗುವುದೆಂದು ತೀರ್ಮಾನಿಸಿ ಮೆಲ್ಲಗೆ ಬಾರಿಸುತ್ತಾ ಹೋದೆ. ತಪ್ಪುಗಳು ಬಂದವು, ಹೋದವು. ಹಾಗೇ ಬಹಳ ಹೊತ್ತು ಕಳೆದಿರಬೇಕು, ಹೊರಗೆ ಬೀದಿದೀಪ ಹತ್ತಿತ್ತು. ಕೆಳಗಿನಿಂದ ಅಜ್ಜಿಯ ದನಿ ಬಂತು.

"ಯಾಕಪಾ, ಇವತ್ತು ಬಡೀಲೇ ಇಲ್ಲ? ನಾ ಇನ್ನಾ ಅನ್ನಕ್ಕೇ ಇಟ್ಟಿಲ್ಲ."

ಉತ್ತರ ಕೊಡಬೇಕಾದರೆ ನಿಲ್ಲಿಸಬೇಕು. ನಿಲ್ಲಿಸದಿದ್ದರೆ ಒಂದು ಮನೆ ಹಸಿದಿರಬೇಕು. ನಾನು ಎರಡನ್ನೂ ಯೋಚಿಸುತ್ತಾ, ಬೆವರುತ್ತಾ ಬಾರಿಸುತ್ತಿದ್ದೆ. ಅಷ್ಟರಲ್ಲಿ ಹೆಂಡತಿ ಅಡುಗೆಮನೆಯಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು, ಮೇಜಿನ ಎಡಕ್ಕೆ ಬಾಗಿ ಖಾಲಿ ಡಬ್ಬಿಗೆ ಮೂರು ಏಟು ಹಾಕಿದಳು, ಹೊರಟುಹೋದಳು. ಮೂರನೆಯದು ಚೆನ್ನಾಗಿ ಬಿತ್ತು. ಕೆಳಗೆ ಪಾತ್ರೆಗೆ ಅಕ್ಕಿ ಸುರಿದ ಸದ್ದಾಯಿತು. ನಾನು ನಿಲ್ಲಿಸಲಿಲ್ಲ.